ವರದಿ ಮುಗಿಯುವ ಮೊದಲೇ ಪೋಡಿಗೆ ಬನ್ನಿ

ತಮಿಳುನಾಡಿನ ತಾಳವಾಡಿ, ಆಸನೂರು ಸುತ್ತಿನಲ್ಲಿ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ, ಅಂದರೆ ಅವರ ಹಾಡಿಗಳಲ್ಲಿ, ಕಾಡಿನ ಸಮೀಕ್ಷೆ ಮಾಡಿಸುವುದು ನನ್ನ ಕೆಲಸ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಮೀಸಲು ಆದಮೇಲೆ ಅಧ್ಯಯನಕ್ಕೆ ಬರುವವರು ಜಾಸ್ತಿಯಾಗಿದ್ದಾರೆ. ದಿಂಬಂ ಘಾಟಿಯ 27 ತಿರುವು ಹತ್ತಿ ಬಂದ ಪ್ರತಿ ತಂಡವೂ ನನ್ನ ಹತ್ತಿರ ಒಂದೇ ಮಾತು ಹೇಳುತ್ತದೆ: ‘ವರದಿ ಮುಗಿದ ಮೇಲೆ ಜನರಿಗೆ ತಿಳಿಸೋಕೆ ಒಂದು ಸಭೆ ಇಡೋಣ.’

ಮುಗಿದ ಮೇಲೆ ಅಲ್ಲ, ಮುಗಿಯುವ ಮೊದಲು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಅಚ್ಚಾದ ವರದಿ ತಂದು ಓದಿದರೆ ಜನ ತಲೆಯಾಡಿಸುತ್ತಾರೆ. ದೂರದಿಂದ ಬಂದವರಿಗೆ ಬೇಜಾರು ಮಾಡುವುದು ಅವರಿಗೆ ಇಷ್ಟವಿಲ್ಲ. ತಪ್ಪು ಕಂಡರೂ ‘ಸರಿ ಸಾ’ ಅಂತಾರೆ. ತಿದ್ದೋಕೆ ಜಾಗವೇ ಇಲ್ಲ ಅಂತ ಅವರಿಗೆ ಗೊತ್ತು. ಅದರ ಬದಲು ಪೆನ್ಸಿಲ್ಲಿನಲ್ಲಿ ಬರೆದ ಕರಡು ಹಿಡಿದು, ಕನ್ನಡದಲ್ಲಿ, ನಿಧಾನವಾಗಿ ಓದಿ. ಮೂರನೇ ವಾಕ್ಯಕ್ಕೇ ಯಾರಾದರೂ ತಡೆಯುತ್ತಾರೆ.

ಒಮ್ಮೆ ನೆಲ್ಲಿಕಾಯಿಯ ಲೆಕ್ಕ ಓದುತ್ತಿದ್ದೆವು. ಇಷ್ಟು ಮರ, ಇಷ್ಟು ಕಾಯಿ, ಇಷ್ಟು ಕೀಳಬಹುದು ಅಂತ. ಹಿಂದೆ ಕೂತಿದ್ದ ಅಜ್ಜ ಒಬ್ಬರು ಕೇಳಿದರು: ‘ಯಾವ ನೆಲ್ಲಿ ಮಗ?’ ಓದುತ್ತಿದ್ದ ಹುಡುಗಿ ಸುಮ್ನೆ ನಿಂತುಬಿಟ್ಟಳು. ಈ ಕಾಡಿನಲ್ಲಿ ನೆಲ್ಲಿ ಎರಡು ಜಾತಿ. ಎಲ್ಲ ಕಡೆ ಸಿಗುವ ನೆಲ್ಲಿ ಒಂದು. ಕೆಳಗಿನ ಒಣ ಕುರುಚಲು ಕಾಡಿನಲ್ಲಿ ಬೆಳೆಯುವ, ಕಾಯಿ ದಪ್ಪಗಿರುವ ನೆಲ್ಲಿ ಇನ್ನೊಂದು. ವಿಜ್ಞಾನಿಗಳೂ ಅವಕ್ಕೆ ಬೇರೆ ಬೇರೆ ಹೆಸರು ಇಟ್ಟಿದ್ದಾರೆ. ನಮ್ಮ ಹಾಳೆಯಲ್ಲಿ ಮಾತ್ರ ಎರಡೂ ಒಂದೇ ಸಾಲಿನಲ್ಲಿದ್ದವು. ಹಾಗೇ ಅಚ್ಚು ಹಾಕಿದ್ದರೆ, ಎಷ್ಟು ಕೀಳಬಹುದು ಅನ್ನುವ ಲೆಕ್ಕವೇ ತಪ್ಪುತ್ತಿತ್ತು. ಒಂದು ವಾರ ಮತ್ತೆ ಕಾಡು ಸುತ್ತಿದೆವು. ಈ ಸಲ ಅಜ್ಜ ಮುಂದೆ, ನಾವು ಹಿಂದೆ.

ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೇ ನೆಲ್ಲಿಯ ವಿಷಯದಲ್ಲಿ ದೊಡ್ಡ ಚರ್ಚೆ ನಡೆದಿದೆ. ಕಾಯಿ ಕೀಳೋದು ಹೆಚ್ಚಾಗಿ ಹೊಸ ಗಿಡ ಕಡಿಮೆಯಾಗಿದೆಯೇನೋ ಅನ್ನುವುದು ಸಂಶೋಧಕರ ಆತಂಕ. ಸೋಲಿಗರು ಬೇರೆ ಕಡೆ ಕೈ ತೋರಿಸಿದರು: ಮರದ ಮೇಲೆ ಬೆಳೆದು ಅದರ ರಸ ಹೀರುವ ಉಪ್ಪಿಲು. ಹಿಂದೆ ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ ನಿಂತ ಮೇಲೆ ಉಪ್ಪಿಲೂ, ಲಂಟಾನ ಅನ್ನುವ ಕಳೆಪೊದೆಯೂ ಹೆಚ್ಚಾದವು ಅನ್ನುವುದು ಅವರ ಮಾತು. ಮುಂದೆ ಅಧ್ಯಯನ ಮಾಡಿದವರು ಈ ಮಾತಿನಲ್ಲಿ ತಿರುಳಿದೆ ಅಂತ ಒಪ್ಪಿದರು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿ ಯಾರೂ ಕಾಡಿಗೆ ಬೆಂಕಿ ಇಡಬೇಡಿ. ಅದು ಅಪರಾಧ. ಅಲ್ಲದೆ, ಲಂಟಾನ ಆಳೆತ್ತರ ಬೆಳೆದು ನಿಂತಿರುವ ಕಡೆ ಹಳೇ ಕಾಲದ ಸಣ್ಣ ಬೆಂಕಿ ಇವತ್ತು ಸಣ್ಣದಾಗಿ ಉಳಿಯೋದಿಲ್ಲ. ಎಲ್ಲಿ, ಯಾವಾಗ, ಹೇಗೆ ಅನ್ನುವುದನ್ನು ಹಿರಿಯರು, ಇಲಾಖೆ, ಸಂಶೋಧಕರು ಒಟ್ಟಿಗೆ ಕೂತು ನೋಡಬೇಕಾದ ವಿಷಯ ಇದು.

ಕರಡು ಓದುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಇದರಲ್ಲಿ ಯಾವುದನ್ನು ಬರೆಯಬಾರದು?’ ಜೀವವೈವಿಧ್ಯದ ಬಗ್ಗೆ ಸಮುದಾಯಕ್ಕಿರುವ ತಿಳಿವಳಿಕೆ ಅವರದೇ ಹಕ್ಕು ಅಂತ 2006ರ ಅರಣ್ಯ ಹಕ್ಕು ಕಾಯ್ದೆ ಒಪ್ಪಿದೆ. ಒಂದು ನಕ್ಷೆಯಲ್ಲಿ ನಾವು ಹೆಜ್ಜೇನು ಕಟ್ಟುವ ಬಂಡೆಯನ್ನು ಗುರುತಿಸಿದ್ದೆವು. ಹೆಂಗಸರು ಬೇಡ ಅಂದರು. ಹೊರಗಿನವರು ಬಂದು ಹುಟ್ಟು ಪೂರ್ತಿ ಸುಟ್ಟು ಹೋಗುತ್ತಾರೆ, ಮರಿಗಳಿಗೂ ಏನೂ ಬಿಡೋದಿಲ್ಲ ಅಂತ. ಅವರ ಮುಂದೆಯೇ ಅಳಿಸಿದೆವು.

ಸಭೆಯನ್ನು ಜೇನು ಕೀಳುವ ತಿಂಗಳಲ್ಲಿ ಇಡಬೇಡಿ, ಗೊತ್ತಿರುವವರೆಲ್ಲ ಕಾಡಿನಲ್ಲಿರುತ್ತಾರೆ. ಸಂಜೆಯೂ ಬೇಡ, ಆನೆ ಓಡಾಡುವ ಹೊತ್ತು. ಬೆಳಿಗ್ಗೆ ಬನ್ನಿ, ಪೆನ್ಸಿಲ್ ಜೊತೆಗೆ ರಬ್ಬರೂ ತನ್ನಿ.