ಎಸ್54 ಎಂಜಿನ್ನಿನ ರಾಡ್ ಬೇರಿಂಗ್: ಸದ್ದು ಬರುವ ಮೊದಲೇ ಹಿಡಿಯುವುದು

ಬಿಎಂಡಬ್ಲ್ಯು ಇ46 ಎಂ3 ಕಾರಿನ ಎಸ್54 ಎಂಜಿನ್ ತೆಗೆದುಕೊಳ್ಳೋಣ. 3.2 ಲೀಟರ್, ಸಾಲಾಗಿ ಆರು ಸಿಲಿಂಡರ್, ನಿಮಿಷಕ್ಕೆ 8000 ಸುತ್ತು (ಆರ್‌ಪಿಎಂ) ತನಕ ತಿರುಗುತ್ತದೆ. ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ಸಲಕ್ಕೆ ಚಲಿಸುವ ದೂರ, 91 ಮಿ.ಮೀ. ಲೆಕ್ಕ ಹಾಕಿದರೆ 8000ದಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24 ಮೀಟರ್ ದಾಟುತ್ತದೆ. ಆ ವೇಗದಲ್ಲಿ ಹೋಗಿ, ನಿಂತು, ಮತ್ತೆ ವಾಪಸ್ ಬರುವ ಎಳೆತವೆಲ್ಲ ಬೀಳುವುದು ಪಿಸ್ಟನ್ನನ್ನು ಕ್ರ್ಯಾಂಕಿಗೆ (ಎಂಜಿನ್ನಿನ ತಿರುಗುವ ದಂಡಕ್ಕೆ) ಜೋಡಿಸುವ ರಾಡಿನ ಬುಡದಲ್ಲಿರುವ ಎರಡು ತೆಳ್ಳನೆಯ ಚಿಪ್ಪುಗಳ ಮೇಲೆ. ಇವೇ ರಾಡ್ ಬೇರಿಂಗ್. 2001-03ರ ಅನೇಕ ಕಾರುಗಳಲ್ಲಿ ಈ ಚಿಪ್ಪುಗಳನ್ನು ಕಂಪನಿಯೇ ಬದಲಿಸಿಕೊಟ್ಟಿತ್ತು.

ಚಿಪ್ಪಿಗೂ ಅದರೊಳಗೆ ತಿರುಗುವ ಜರ್ನಲ್‌ಗೂ (ಕ್ರ್ಯಾಂಕಿನ ನುಣುಪಾದ ದುಂಡು ಭಾಗ) ನಡುವಿನ ಸಂದಿಗೆ ಸಾಮಾನ್ಯ ಲೆಕ್ಕ ಜರ್ನಲ್ಲಿನ ವ್ಯಾಸದ ಸಾವಿರಕ್ಕೆ ಒಂದು. 50 ಮಿ.ಮೀ. ಜರ್ನಲ್‌ಗೆ 0.05 ಮಿ.ಮೀ. ಸಂದು, ಹೆಚ್ಚುಕಡಿಮೆ ಒಂದು ತಲೆಕೂದಲಿನಷ್ಟು. ಕ್ರ್ಯಾಂಕ್ ತಿರುಗುವಾಗ ಆಯಿಲನ್ನು ಬೆಣೆಯ ಹಾಗೆ ಈ ಸಂದಿಗೆ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಪಂಪ್ ಆಯಿಲ್ ತಂದುಕೊಡುತ್ತದೆ ಅಷ್ಟೇ, ಭಾರ ಹೊರುವುದು ಈ ಬೆಣೆ. ಇದೊಂದು ತಲೆಗೆ ಹೋದರೆ ಉಳಿದದ್ದು ಸುಲಭ.

ಟಕ್‌ಟಕ್ ಸದ್ದು ಬರಲಿ ನೋಡೋಣ ಅಂತ ಕಾಯಬೇಡಿ. ಅಷ್ಟು ಹೊತ್ತಿಗೆ ಜರ್ನಲ್ಲಿಗೂ ಗೀರು ಬಿದ್ದಿರುತ್ತದೆ, ಕ್ರ್ಯಾಂಕೇ ಕೈಬಿಟ್ಟಂತೆ. ಪ್ರತಿ ಸಲ ಆಯಿಲ್ ಬದಲಿಸುವಾಗ ಫಿಲ್ಟರಿನ ಕಾಗದ ಕತ್ತರಿಸಿ, ಮಡಿಕೆ ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಿ. ಮಿನುಗುವ ಚೂರು ಕಂಡರೆ ಮ್ಯಾಗ್ನೆಟ್ ತನ್ನಿ. ಅಂಟಿದರೆ ಕಬ್ಬಿಣ, ಅಂಟದೆ ಮೆತ್ತಗಿದ್ದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಆಯಿಲನ್ನು ಲ್ಯಾಬಿಗೂ ಕಳಿಸಿ. ಒಂದು ರಿಪೋರ್ಟಿನಿಂದ ಜಾಸ್ತಿ ಗೊತ್ತಾಗುವುದಿಲ್ಲ, ಸೀಸ ಮತ್ತು ತಾಮ್ರ ಸಲದಿಂದ ಸಲಕ್ಕೆ ಏರುತ್ತಿವೆಯಾ ಅನ್ನುವುದೇ ಮುಖ್ಯ. ಸೀಸವಿಲ್ಲದ ಬೇರಿಂಗ್ ಹಾಕಿದ್ದರೆ ಸೀಸ ಹುಡುಕಿ ಪ್ರಯೋಜನವಿಲ್ಲ, ಅದರಲ್ಲಿರುವ ಲೋಹಗಳನ್ನು ನೋಡಬೇಕು.

ಬಿಚ್ಚಿದ ಚಿಪ್ಪು ತುಂಬಾ ಕಥೆ ಹೇಳುತ್ತದೆ. ಮೇಲೆ ಬೂದು ಬಣ್ಣದ ಮೆತ್ತನೆ ಪದರ, ಅದರ ಕೆಳಗೆ ತಾಮ್ರ, ಹಿಂದೆ ಉಕ್ಕು. ಬೂದು ಹೋಗಿ ತಾಮ್ರ ಇಣುಕಿದ್ದರೆ ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ತಾಗಿದೆ. ತಿರುಗುವ ದಿಕ್ಕಿನಲ್ಲೇ ಸಣ್ಣ ಗೀರುಗಳಿದ್ದರೆ ಕಸ ಹೋಗಿದೆ, ಉಗುರು ಎಳೆದು ನೋಡಿ, ಸಿಕ್ಕಿಕೊಂಡರೆ ಆಳವಾಗಿದೆ. ಒಂದೇ ಅಂಚು ಸವೆದಿದ್ದರೆ ರಾಡ್ ಬಾಗಿದೆಯಾ ಅಂತ ಅಳೆಯಿರಿ. ಮೇಲಿನ ಚಿಪ್ಪು ಸುತ್ತಿಗೆಯಲ್ಲಿ ಬಡಿದಂತಿದ್ದರೆ ಡಿಟೊನೇಷನ್ (ಇಂಧನ ಹದವಾಗಿ ಉರಿಯದೆ ಸಿಡಿಯುವುದು) ಕಡೆ ನೋಡಿ. ಬಿಚ್ಚುವಾಗಲೇ ಪ್ರತಿ ಚಿಪ್ಪಿನ ಬೆನ್ನಿಗೆ ಸಿಲಿಂಡರ್ ನಂಬರ್, ಮೇಲಿನದೋ ಕೆಳಗಿನದೋ ಬರೆದಿಡಿ, ಬೆರೆತುಹೋದರೆ ಇದ್ಯಾವುದನ್ನೂ ಓದಲಾಗುವುದಿಲ್ಲ.

ತಡೆಯುವ ವಿಷಯಕ್ಕೆ ಬಂದರೆ ನನಗೆ ಮೊದಲನೆಯದು ತಾಳ್ಮೆ. ಈ ಎಂಜಿನ್ನಿಗೆ ಹೇಳಿರುವುದು 10ಡಬ್ಲ್ಯು-60 ಆಯಿಲ್, ತಣ್ಣಗಿದ್ದಾಗ ಜೇನುತುಪ್ಪದಂತೆ ನಿಧಾನ. ನೀರು ಬೇಗ ಬಿಸಿಯಾಗುತ್ತದೆ, ಆಯಿಲ್ ಹಿಂದೆ ಉಳಿಯುತ್ತದೆ, ಹಾಗಾಗಿ ನೀರಿನ ಮುಳ್ಳು ನಡುವೆ ಬಂತು ಅಂತ ಸುಮ್ನೆ ಆಕ್ಸಿಲರೇಟರ್ ಒತ್ತಬಾರದು. ಇದಕ್ಕೇ ಅಲ್ವಾ ಎಂ3ರ ಆರ್‌ಪಿಎಂ ಮೀಟರಿನ ಸುತ್ತ ದೀಪಗಳಿರುವುದು! ಆಯಿಲ್ ಬಿಸಿಯಾದಂತೆ ಒಂದೊಂದಾಗಿ ಆರುತ್ತವೆ. ಆರುವ ತನಕ ಕಾಯಿರಿ.

ಜೋಡಿಸುವಾಗ ರಾಡ್ ಬೋಲ್ಟ್ ಹೊಸದೇ ಹಾಕಿ, ಹೇಳಿದ ಟಾರ್ಕ್‌ನಷ್ಟು (ತಿರುಚುವ ಬಲ) ಬಿಗಿದ ಮೇಲೆ ಹೇಳಿದಷ್ಟು ಡಿಗ್ರಿ ತಿರುಗಿಸಿ. ಮುಚ್ಚುವ ಮುಂಚೆ ಆರೂ ಜರ್ನಲ್ಲಿನ ಸಂದು ಅಳೆದು, ನೋಟ್‌ಬುಕ್ಕಿನಲ್ಲಿ ಬರೆದಿಡಿ.