ನಿಂತರೆ ಹೋಗುವ ನೋವು: ಕ್ಲಾಡಿಕೇಶನ್ ಅಂದ್ರೇನು?

ನಮ್ಮ ಶಿರಸಿ ಕಡೆ ಮನೆ ಮೇಲೆ, ತೋಟ ಕೆಳಗೆ. ಇಳಿಯುವಾಗ ಏನೂ ಅನಿಸುವುದಿಲ್ಲ. ಹತ್ತುವಾಗಲೇ ಕಾಲಿನ ಕಥೆ ಗೊತ್ತಾಗುವುದು. ನಮ್ಮ ದೊಡ್ಡಪ್ಪ ತೋಟದಿಂದ ಬರುವಾಗ ಅರ್ಧ ದಾರಿಯ ಹಲಸಿನ ಮರದ ಹತ್ತಿರ ನಿಲ್ಲುತ್ತಿದ್ದರು, ಚಂಚಿ ಬಿಚ್ಚಿ ಒಂದು ಕವಳ (ಎಲೆಯಡಿಕೆ) ಹಾಕಿ ಮತ್ತೆ ಹೊರಡುತ್ತಿದ್ದರು. ಕವಳಕ್ಕೇ ನಿಲ್ಲುತ್ತಾರೆ ಅಂತ ನಾವು ತಿಳಿದಿದ್ದೆವು. ಅಸಲಿಗೆ ಅಷ್ಟು ಹತ್ತುವಷ್ಟರಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ಎರಡು ಮೂರು ನಿಮಿಷ ನಿಂತರೆ ಬಿಡುತ್ತಿತ್ತು. ಕೇಳಿದರೆ "ಎಂತದೂ ಇಲ್ಲೆ ಮಾರಾಯ, ವಾತ" ಅನ್ನುವರು. ಎರಡು ವರ್ಷ ಎಣ್ಣೆ ತಿಕ್ಕಿದ್ದೇ ಬಂತು. ಕೊನೆಗೆ ಡಾಕ್ಟರು ಚೀಟಿಯಲ್ಲಿ ಬರೆದ ಪದ ಕ್ಲಾಡಿಕೇಶನ್.

ಲ್ಯಾಟಿನ್ ಭಾಷೆಯ ಪದ ಇದು, ಅರ್ಥ ಕುಂಟುವುದು. ರೋಮಿನ ಚಕ್ರವರ್ತಿ ಕ್ಲಾಡಿಯಸ್‌ನ ಹೆಸರೂ ಇದೇ ಬೇರಿನದು, ಅವನೂ ಕುಂಟುತ್ತಿದ್ದನಂತೆ. ವೈದ್ಯರು ಇದನ್ನು ಮೊದಲು ಗುರುತಿಸಿದ್ದು ಮನುಷ್ಯನಲ್ಲಿ ಅಲ್ಲ, ಕುದುರೆಯಲ್ಲಿ! 1831ರಲ್ಲಿ ಬೂಲೆ ಎಂಬ ಫ್ರೆಂಚ್ ಪಶುವೈದ್ಯ, ಓಡಿದರೆ ಕುಂಟುವ, ನಿಂತರೆ ಸರಿಹೋಗುವ ಕುದುರೆಯ ಬಗ್ಗೆ ಬರೆದ. ಹಿಂಗಾಲಿನ ರಕ್ತನಾಳ ಕಟ್ಟಿಕೊಂಡಿತ್ತು. ಮನುಷ್ಯನಲ್ಲೂ ಅದೇ ಆಗುತ್ತದೆ ಅಂತ ಫ್ರೆಂಚ್ ವೈದ್ಯ ಶಾರ್ಕೋ ಹೇಳಿದ್ದು 1858ರಲ್ಲಿ.

ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಪೈಪಿನೊಳಗೆ ಪಾಚಿ, ಮಣ್ಣು ಕಟ್ಟಿದೆ ಅಂತಿಟ್ಟುಕೊಳ್ಳಿ. ಒಂದೇ ಜೆಟ್ ಬಿಟ್ಟರೆ ಚೆನ್ನಾಗಿಯೇ ತಿರುಗುತ್ತದೆ, ಎಲ್ಲ ಜೆಟ್ ಒಟ್ಟಿಗೆ ಬಿಟ್ಟಾಗ ಕೊನೆಯದು ಏಳುವುದೇ ಇಲ್ಲ. ಕಾಲೂ ಹಾಗೇ. ಕೂತಾಗ ಸ್ನಾಯುವಿಗೆ ಸ್ವಲ್ಪ ರಕ್ತ ಸಾಕು. ಏರು ಹತ್ತುವಾಗ ಅದರ ಎಷ್ಟೋ ಪಟ್ಟು ಬೇಕು, ಒಳಗೆ ಕೊಬ್ಬು, ಸುಣ್ಣ (ಕ್ಯಾಲ್ಸಿಯಂ) ಕಟ್ಟಿ ಇಕ್ಕಟ್ಟಾದ ನಾಳ ಅಷ್ಟು ಕೊಡಲಾರದು, ಸ್ನಾಯು ನೋವಿನಲ್ಲಿ ಕೂಗುತ್ತದೆ.

ಎಲ್ಲಿ ಕಟ್ಟಿದೆ ಅನ್ನುವುದನ್ನು ನೋವಿನ ಜಾಗವೇ ಅರ್ಧ ಹೇಳಿಬಿಡುತ್ತದೆ. ಎದೆಯಿಂದ ಇಳಿದು ಬರುವ ದೊಡ್ಡ ನಾಳ ಮಹಾಧಮನಿ, ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗುತ್ತದೆ. ಈ ಕವಲುಗಳಿಗೆ ಇಲಿಯಾಕ್ ಅಂತ ಹೆಸರು. ಒಂದೊಂದೂ ಮತ್ತೆ ಒಡೆದು ಒಂದು ಭಾಗ ಸೊಂಟದ ಗೂಡಿನೊಳಗೆ ಹೋಗುತ್ತದೆ, ಇನ್ನೊಂದು ತೊಡೆಸಂದಿ ದಾಟಿ ಕಾಲಿಗೆ ಇಳಿಯುತ್ತದೆ. ತೊಡೆಯ ನಾಳ ಕಟ್ಟಿದರೆ ಮೀನಖಂಡ ನೋಯುತ್ತದೆ. ಇಲಿಯಾಕ್‌ನಲ್ಲೇ ಕಟ್ಟಿದರೆ ಕುಂಡೆ, ಸೊಂಟ, ತೊಡೆ ನೋಯುತ್ತವೆ, ಗಂಡಸರಿಗೆ ಲೈಂಗಿಕ ಶಕ್ತಿಯೂ ಕುಗ್ಗಬಹುದು. ಇದನ್ನು ಹೇಳಲು ನಾಚಿಕೆ ಪಡುತ್ತಾರೆ, ಡಾಕ್ಟರೂ ಕೇಳುವುದಿಲ್ಲ. ಹೇಳಿ. ಅದೂ ಒಂದು ಸುಳಿವು.

ಇನ್ನು ವಾತದ ವಿಷಯ. ಗಂಟು ಸವೆದ ನೋವು ಎದ್ದ ಕೂಡಲೇ, ಮೊದಲ ಹೆಜ್ಜೆಗೇ ಬರಬಹುದು, ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ. ಬೆನ್ನಿನ ನರ ಒತ್ತಿದರೂ ನಡೆದಾಗ ಕಾಲು ಸೋಲುತ್ತದೆ, ಆದರೆ ಅವರಿಗೆ ಬರೀ ನಿಂತರೆ ಸಾಲದು, ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ರಕ್ತನಾಳದ ನೋವಿಗೆ ಗಡಿಯಾರ ಇದ್ದ ಹಾಗೆ. ಅಷ್ಟೇ ದೂರಕ್ಕೆ ಬರುತ್ತದೆ, ಸುಮ್ನೆ ನಿಂತರೂ ಹತ್ತು ನಿಮಿಷದೊಳಗೆ ಹೋಗುತ್ತದೆ. ದೊಡ್ಡಪ್ಪನಿಗೆ ಹಲಸಿನ ಮರ ಬಂದ ಹಾಗೆ. ಕಾಲಲ್ಲಿ ನೀಲಿ ಗಂಟು ಏಳುವ ವೆರಿಕೋಸ್ ಇದಲ್ಲ, ಅದು ರಕ್ತ ವಾಪಸ್ ಹೋಗುವ ನಾಳದ ತೊಂದರೆ. ಅದಕ್ಕೆ ಕೊಡುವ ಬಿಗಿ ಸಾಕ್ಸನ್ನು ಯಾರೋ ಕೊಟ್ಟರು ಅಂತ ಈ ಕಾಲಿಗೆ ಹಾಕಿಬಿಟ್ಟರೆ ಇದ್ದ ರಕ್ತವೂ ಕಡಿಮೆಯಾದೀತು.

ಪರೀಕ್ಷೆ ಸುಲಭ. ತೋಳಿನ ಬಿಪಿ, ಪಾದದ ಗಂಟಿನ ಹತ್ತಿರದ ಬಿಪಿ, ಎರಡನ್ನೂ ನೋಡುತ್ತಾರೆ. ತೋಳಿನಲ್ಲಿ ಮೇಲಿನ ಅಂಕಿ 140, ಕಾಲಿನಲ್ಲಿ 84 ಇದ್ದರೆ, ಕಾಲಿನದನ್ನು ತೋಳಿನದರಿಂದ ಭಾಗಿಸಿದ ಲೆಕ್ಕ 0.6. ಈ ಲೆಕ್ಕ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಇಕ್ಕಟ್ಟಾಗಿದೆ ಅಂತ. ಸಕ್ಕರೆ ಕಾಯಿಲೆಯವರ ನಾಳ ಕೆಲವೊಮ್ಮೆ ಸುಣ್ಣಗಟ್ಟಿ ಗಡಸಾಗಿ 1.4ಕ್ಕಿಂತ ಮೇಲೆ ತೋರಿಸುತ್ತದೆ, ಅದನ್ನು ನೋಡಿ ಖುಷಿಪಡುವ ಹಾಗಿಲ್ಲ. ಆಮೇಲೆ ಬೇಕಿದ್ದರೆ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್), ಸಿಟಿ ಆಂಜಿಯೋ (ಬಣ್ಣದ ಮದ್ದು ಕೊಟ್ಟು ನಾಳದ ಚಿತ್ರ ತೆಗೆಯುವುದು).

ಚಿಕಿತ್ಸೆ ಅಂದ ಕೂಡಲೇ ಎಲ್ಲರೂ ಸ್ಟೆಂಟ್ ಎಷ್ಟಾಗುತ್ತದೆ ಅಂತ ಕೇಳುತ್ತಾರೆ. ಮೊದಲ ಕೆಲಸ ಬೀಡಿ ಸಿಗರೇಟು ಬಿಡುವುದು, ಕವಳದೊಳಗಿನ ತಂಬಾಕೂ ಸೇರಿ. ನಮ್ಮೂರಲ್ಲಿ ಇದೇ ಎಲ್ಲಕ್ಕಿಂತ ಕಷ್ಟ, ಮನೆಗೆ ಬಂದವರ ಮುಂದೆ ತಟ್ಟೆ ಇಡದಿದ್ದರೆ ಮರ್ಯಾದೆ ಪ್ರಶ್ನೆ ಅಲ್ವಾ. ಎರಡನೆಯದು ನಡೆಯುವುದು. ನಡೆದರೆ ನೋಯುವ ಕಾಲಿಗೆ ನಡಿಗೆಯೇ ಮದ್ದು ಅಂದರೆ ದೊಡ್ಡಪ್ಪ ನಕ್ಕೇಬಿಟ್ಟರು. ನೋವು ಸಾಕಷ್ಟು ಬರುವವರೆಗೆ ನಡೆಯಬೇಕು, ನಿಲ್ಲಬೇಕು, ಪೂರ್ತಿ ಹೋದ ಮೇಲೆ ಮತ್ತೆ ನಡೆಯಬೇಕು. ಹೀಗೆ ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನವಾದರೂ, ಕನಿಷ್ಠ 12 ವಾರ. ಕಟ್ಟಿದ್ದು ಕರಗುವುದಿಲ್ಲ, ಆದರೆ ಇರುವ ರಕ್ತದಲ್ಲೇ ದುಡಿಯಲು ಸ್ನಾಯು ಕಲಿಯುತ್ತದೆ. ಕಾರವಾರದವರಾದರೆ ಟಾಗೋರ್ ಬೀಚಿನ ಸಪಾಟು ಜಾಗ ಇದೆ, ನಮಗೆ ಗುಡ್ಡವೇ ಗತಿ. ಹೃದಯದ ತೊಂದರೆ ಇರುವವರು ಕೇಳಿಕೊಂಡೇ ಶುರು ಮಾಡಿ.

ಮಾತ್ರೆಗಳಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಜೊತೆಗೆ ಕೊಬ್ಬಿಗೆ ಸ್ಟಾಟಿನ್. ಕಾಲಿನ ನೋವಿಗೆ ಇದೆಲ್ಲ ಯಾಕೆ ಅಂತ ಬಿಟ್ಟುಬಿಡುವವರೇ ಜಾಸ್ತಿ. ಕಾಲಿನ ನಾಳ ಕಟ್ಟಿದವರಿಗೆ ಹೃದಯದ್ದು, ಮೆದುಳಿನದು ಕೂಡ ಕಟ್ಟಿರುವ ಸಂಭವ ಇರುತ್ತದೆ. ಈ ಮಾತ್ರೆಗಳು ಮುಖ್ಯವಾಗಿ ಹೃದಯಾಘಾತ, ಲಕ್ವ ತಡೆಯಲು. ಇಷ್ಟಾದರೂ ಬದುಕು ಕಷ್ಟವಾದರೆ ಬಲೂನು, ಸ್ಟೆಂಟ್, ಇಲ್ಲವೇ ಬೈಪಾಸ್. ಬಲೂನು, ಸ್ಟೆಂಟು ಅಂದರೆ ನಮಗೆ ಹೃದಯವೇ ನೆನಪಾಗುತ್ತದೆ, ಆದರೆ ಕಟ್ಟಿದ ನಾಳವನ್ನು ಹೀಗೆ ಒಳಗಿನಿಂದಲೇ ಅಗಲ ಮಾಡುವ ಕೆಲಸ ಶುರುವಾಗಿದ್ದೇ ಕಾಲಿನಲ್ಲಿ, 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಅವರಿಂದ.

ಬರಿಗಾಲಲ್ಲಿ ತೋಟಕ್ಕೆ ಹೋಗಬೇಡಿ. ರಕ್ತ ಕಡಿಮೆ ಇರುವ ಪಾದದಲ್ಲಿ ಮುಳ್ಳು ಚುಚ್ಚಿದ ಗಾಯವೂ ಮಾಯುವುದಿಲ್ಲ. ತಣ್ಣಗಿದೆ ಅಂತ ಬಿಸಿನೀರಿನ ಚೀಲ ಇಡಬೇಡಿ, ಜೋಮು ಹಿಡಿದ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ. ರಾತ್ರಿ ಮಲಗಿದಾಗ ಪಾದ ನೋಯುತ್ತದೆ, ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಾಯೆನಿಸುತ್ತದೆ ಅಂದರೆ ಕಾಯಿಲೆ ಮುಂದೆ ಹೋಗಿದೆ, ಅದೇ ವಾರ ತೋರಿಸಿ. ಇದ್ದಕ್ಕಿದ್ದ ಹಾಗೆ ಕಾಲು ಬಿಳಚಿ, ತಣ್ಣಗಾಗಿ, ಜೋಮು ಹಿಡಿದು, ನೋವು ತಡೆಯಲಾಗದಿದ್ದರೆ ಮಾತ್ರ ಬೆಳಗಾಗುವವರೆಗೂ ಕಾಯಬೇಡಿ. ಕೆಲವೇ ಗಂಟೆಗಳಲ್ಲಿ ಕಾಲು ಕೈತಪ್ಪುತ್ತದೆ, ನಮಗೆ ಹುಬ್ಬಳ್ಳಿಯೋ ಮಣಿಪಾಲವೋ ಮುಟ್ಟಲಿಕ್ಕೇ ಅದರಲ್ಲಿ ಅರ್ಧ ಹೊತ್ತು ಹೋಗುತ್ತದೆ.