ಬಾಳೆಹಣ್ಣಿನ ನೊರಜು ಮತ್ತು ಡೆಂಗಿ ಸೊಳ್ಳೆ

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಮಳೆಗಾಲದ ಸಂಜೆ ಫಾಗಿಂಗ್ ಆದರೆ ಎಲ್ಲರಿಗೂ ಸಮಾಧಾನ. ಹೊಗೆ ಕಂಡಿತಲ್ಲ, ಏನೋ ಕೆಲಸ ಆಯ್ತು! ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಕೂತಿರುವುದು ಮಂಚದ ಕೆಳಗೆ, ಮೊಟ್ಟೆ ಇಡುವುದು ಬಾತ್‌ರೂಮಿನ ನೀಲಿ ಡ್ರಮ್ಮಿನ ಒಳಗೋಡೆಗೆ, ನೀರಿನ ಮಟ್ಟದಿಂದ ಚೂರು ಮೇಲೆ. "ಸೊಳ್ಳೆ ಸಾಕಿ ಊರಿಗೆ ಬಿಡುವ ಉಪಾಯವೂ ಇದೆ ಅಕ್ಕಾ" ಅಂದಿದ್ದಕ್ಕೆ ಪಕ್ಕದ ಮನೆಯವರು "ತಲೆ ಸರಿ ಇದೆಯೇನ್ರೀ?" ಅಂದರು.

ಸರಿ ಇದೆ. ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾವನ್ನು 1924ರಲ್ಲೇ ಮಾಮೂಲಿ ಕ್ಯೂಲೆಕ್ಸ್ ಸೊಳ್ಳೆಯಲ್ಲಿ ನೋಡಿದ್ದರು. ಕಳಿತ ಬಾಳೆಹಣ್ಣಿನ ಸುತ್ತ ಹಾರುವ ನೊರಜಿನಲ್ಲೂ ಇದೆ. ಡೆಂಗಿಯ ಈಡಿಸ್ ಈಜಿಪ್ಟೈಗೆ ಮಾತ್ರ ಅದು ಹುಟ್ಟಿನಿಂದ ಬಂದಿಲ್ಲ. ನೊರಜಿನದನ್ನು ಸೂಜಿಯಲ್ಲಿ ಅದರ ಮೊಟ್ಟೆಗೆ ಸೇರಿಸಿದರು, ಅಷ್ಟೇ, ಜೀನ್ ತಿದ್ದಿಲ್ಲ. ಅದು ಒಳಗಿದ್ದರೆ ಡೆಂಗಿ ವೈರಸ್ಸಿಗೆ ಬೆಳೆಯುವುದು ಕಷ್ಟ.

ನನಗೆ ಮಜಾ ಅನ್ನಿಸುವುದು ಅದು ಹರಡುವ ರೀತಿ. ತಾಯಿಯ ಮೊಟ್ಟೆಯಲ್ಲೇ ಮರಿಗೆ ದಾಟುತ್ತದೆ, ಹಾಗಾಗಿ ಯಾವಾಗಲೂ ತಾಯಂದಿರ ಪಕ್ಷ. ವೊಲ್ಬಾಕಿಯಾ ಇರುವ ಗಂಡಿನ ವೀರ್ಯಕ್ಕೆ ಬೀಗ ಬಿದ್ದಿರುತ್ತದೆ. ಬೀಗದ ಕೈ ವೊಲ್ಬಾಕಿಯಾ ಇರುವ ಹೆಣ್ಣಿನ ಮೊಟ್ಟೆಯಲ್ಲಿ. ಕೈ ಇಲ್ಲದವಳು ಅವನ ಜೊತೆ ಕೂಡಿದರೆ ಮೊಟ್ಟೆ ಮರಿಯಾಗುವುದೇ ಇಲ್ಲ. ಕೈ ಇದ್ದವಳಿಗೆ ಯಾವ ಗಂಡಾದರೂ ನಡೆಯುತ್ತದೆ. ಹಾಲಿಗೆ ಹೆಪ್ಪು ಹಾಕಿ ಮಲಗಿದರೆ ಬೆಳಗ್ಗೆ ಪಾತ್ರೆಯೆಲ್ಲ ಮೊಸರು, ಅಲ್ವಾ? ಇದೂ ಹಾಗೇ. ಹೆಪ್ಪು ತೀರಾ ಕಡಿಮೆಯಾದರೆ ಹಾಲು ಹಾಲಾಗೇ ಉಳಿಯುತ್ತದೆ. ಅದಕ್ಕೇ ವಾರಗಟ್ಟಲೆ ಸೊಳ್ಳೆ ಬಿಡುತ್ತಾ ಹೋಗಬೇಕು.

ಈ ಬೀಗದ ಆಟ ಹೊಸದಲ್ಲ. 1967ರಲ್ಲೇ ಜರ್ಮನಿಯ ವಿಜ್ಞಾನಿ ಲಾವೆನ್, ಅಲ್ಲಿನ ಹೆಣ್ಣುಗಳ ಬೀಗದ ಕೈಗೆ ತೆರೆಯದಂಥ ಬೀಗದ ಗಂಡುಗಳನ್ನಷ್ಟೇ ಬಿಟ್ಟು ಬರ್ಮಾದ ಒಕ್ಪೊ ಎಂಬ ಹಳ್ಳಿಯ ಕ್ಯೂಲೆಕ್ಸ್ ಸೊಳ್ಳೆಗಳನ್ನು ಮುಗಿಸಿದ್ದ. ನಮ್ಮಲ್ಲೂ ಹರಿಯಾಣದ ಸೋನಿಪತ್‌ನಲ್ಲಿ ಬಂಜೆ ಮಾಡಿದ ಗಂಡು ಈಡಿಸ್ ಬಿಡಲು ತಯಾರಿ ನಡೆದಿತ್ತು. ಅಷ್ಟರಲ್ಲಿ ಇದು ಜೈವಿಕ ಯುದ್ಧದ ಸಂಚು ಅನ್ನುವ ಗುಲ್ಲು ಎದ್ದು, ಪಾರ್ಲಿಮೆಂಟಿಗೂ ಹೋಗಿ, 1975ರಲ್ಲಿ ಎಲ್ಲ ನಿಂತಿತು. ಆಗ ವಾಟ್ಸಾಪ್ ಕೂಡ ಇರಲಿಲ್ಲ ನೋಡಿ!

ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ವೊಲ್ಬಾಕಿಯಾ ಸೊಳ್ಳೆ ಬಿಟ್ಟ ಬಡಾವಣೆಗಳಲ್ಲಿ ಡೆಂಗಿ, ಬಿಡದ ಬಡಾವಣೆಗಳಿಗಿಂತ 77% ಕಡಿಮೆ ಇತ್ತು. 2021ರಲ್ಲಿ ಬಂದ ಫಲಿತಾಂಶ ಇದು. ಪುದುಚೇರಿಯ ಐಸಿಎಂಆರ್ ಕೇಂದ್ರವೂ ಎರಡು ತಳಿ ಮಾಡಿದೆ. ಒಂದರಲ್ಲಿ ನೊರಜಿನ ವೊಲ್ಬಾಕಿಯಾ, ಅದಕ್ಕೆ ಬಿಸಿಲು ಆಗಿಬರುವುದಿಲ್ಲ. ಇನ್ನೊಂದರಲ್ಲಿರುವುದು ಏಷ್ಯಾದ ಹುಲಿಪಟ್ಟೆ ಸೊಳ್ಳೆಯದು, ಸೆಖೆ ಜಾಸ್ತಿ ತಡೆದುಕೊಳ್ಳುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಅಕ್ಕ "ಹಾಗಾದ್ರೆ ಕಚ್ಚೋದು ನಿಲ್ಲುತ್ತಾ?" ಅಂದರು. ಇಲ್ಲ ಅಕ್ಕಾ, ಕಚ್ಚುತ್ತೆ.